ಅಂಗನವಾಡಿಯ ಗಡಿಯಾರ, ಅಕ್ಕನ ಶಾಲೆ

ಹಳ್ಳಿಶಾಲೆಯ ಹಾಜರಿ ಪುಸ್ತಕವನ್ನು ಹತ್ತಾರು ವರ್ಷ ಬರೆದ ಮೇಷ್ಟ್ರುಗಳಿಗೆ ಕೆಲವು ಗೈರುಹಾಜರಿಗಳ ಕಾರಣ ಕೇಳದೆಯೇ ತಿಳಿಯುತ್ತದೆ. ಕಬ್ಬು ಕಡಿಯುವ ಕಾಲ, ಹತ್ತಿ ಬಿಡಿಸುವ ಕಾಲ, ಕಾಫಿ ಹಣ್ಣು ಕೊಯ್ಯುವ ಕಾಲ ಬಂತೆಂದರೆ ಐದು, ಆರು, ಏಳನೇ ತರಗತಿಯ ಕೆಲವು ಹುಡುಗಿಯರು ವಾರಗಟ್ಟಲೆ ಕಾಣಿಸುವುದಿಲ್ಲ. ಜ್ವರವಲ್ಲ, ನೆಂಟರ ಮನೆಯ ಮದುವೆಯೂ ಅಲ್ಲ. ಅವ್ವ ಕೂಲಿಗೆ ಹೋಗಿದ್ದಾಳೆ, ಮನೆಯಲ್ಲಿ ಒಂದೂವರೆ ವರ್ಷದ ತಮ್ಮನಿದ್ದಾನೆ. ಕೆಲವು ದಿನ ಹುಡುಗಿ ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ತರಗತಿಗೆ ಬರುತ್ತಾಳೆ. ಕೂಸು ಅತ್ತರೆ ಎದ್ದು ಜಗಲಿಗೆ ಹೋಗುತ್ತಾಳೆ. ಸಮಾಧಾನ ಮಾಡಿ ಒಳಗೆ ಬರುವಷ್ಟರಲ್ಲಿ ಭಿನ್ನರಾಶಿಯ ಲೆಕ್ಕ ಕರಿಹಲಗೆಯಿಂದ ಅಳಿಸಿಹೋಗಿರುತ್ತದೆ.

ಊರಿನಲ್ಲಿ ಅಂಗನವಾಡಿ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಇದೆ. ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೆ ಅಲ್ಲಿ ಇಡೀ ಹೊತ್ತು ಕುಳಿತು ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು. ಮೂರು ವರ್ಷದೊಳಗಿನ ಕೂಸಿಗೆ ಸಿಗುವುದು ಮನೆಗೆ ಕೊಂಡೊಯ್ಯುವ ಪೌಷ್ಟಿಕ ಆಹಾರದ ಪೊಟ್ಟಣ, ಚುಚ್ಚುಮದ್ದು, ತೂಕದ ಲೆಕ್ಕ. ಕೂಸನ್ನು ಹಗಲು ನೋಡಿಕೊಳ್ಳುವ ಕೆಲಸ ಆ ಪಟ್ಟಿಯಲ್ಲಿ ಮೊದಲಿನಿಂದಲೂ ಇರಲಿಲ್ಲ. ದೊಡ್ಡ ಮಕ್ಕಳಿಗಾದರೂ ವೇಳೆ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ. ಅನೇಕ ಕಡೆ ಮಧ್ಯಾಹ್ನದ ಊಟವಾದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿಯುವುದೂ ಉಂಟು. ತಾಯಿ ಹೊಲದಿಂದಲೋ ಗಾರ್ಮೆಂಟ್ಸ್ ಕಾರ್ಖಾನೆಯಿಂದಲೋ ಬರುವುದು ಹೊತ್ತು ಮುಳುಗುವ ಸಮಯಕ್ಕೆ. ನಡುವಿನ ಆ ಗಂಟೆಗಳನ್ನು ತುಂಬುವವರು ಅಜ್ಜಿ. ಅಜ್ಜಿ ಇಲ್ಲದ ಮನೆಯಲ್ಲಿ ಅಕ್ಕ.

ಇದು ಯಾರಿಗೂ ಹೊಳೆಯದಿದ್ದ ಸಂಗತಿ ಎಂದೇನೂ ಅಲ್ಲ. ಅಂಗನವಾಡಿ ಎಂಬ ಕಲ್ಪನೆಯನ್ನು ಕಟ್ಟಿದವರಿಗೇ ಇದು ಗೊತ್ತಿತ್ತು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಜೊತೆ ಮಾಂಟೆಸರಿ ಪದ್ಧತಿಯಲ್ಲಿ ಕೆಲಸ ಮಾಡಿದ್ದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಕರಾವಳಿಯ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡ ಮಕ್ಕಳಿಗಾಗಿ ಬಾಲವಾಡಿ ತೆರೆದರು. ಅವರ ಜೊತೆಗೂಡಿದವರು ಅನುತಾಯಿ ವಾಘ್. ದಲಿತರ ಕೇರಿಯ ಮಕ್ಕಳು ಬಾಲವಾಡಿಯ ಕಟ್ಟಡಕ್ಕೆ ಬರಲಿಲ್ಲ. ಬಾರದಿದ್ದರೆ ನಾವೇ ಹೋಗೋಣ ಎಂದು ಇಬ್ಬರೂ ಕೇರಿಯ ಅಂಗಳಕ್ಕೇ ಶಾಲೆಯನ್ನು ಒಯ್ದರು. ಅಂಗಳದ ಆ ಬಾಲವಾಡಿಯೇ ಅಂಗನವಾಡಿ. ಮುಂದೆ 1957ರಲ್ಲಿ ಅವರ ಕೆಲಸ ಹತ್ತಿರದ ಕೋಸಬಾಡಕ್ಕೆ, ವಾರ್ಲಿ ಆದಿವಾಸಿಗಳ ನಡುವೆ ಹೋಯಿತು. ಅಲ್ಲಿ ದೊಡ್ಡ ಮಕ್ಕಳು ಶಾಲೆಗೆ ಬಾರದಿರಲು ಎರಡು ಕಾರಣಗಳು: ದನ ಕಾಯುವುದು, ತಮ್ಮ ತಂಗಿಯರನ್ನು ಕಾಯುವುದು. ದನ ಕಾಯುವವರಿಗಾಗಿ ಹುಲ್ಲುಗಾವಲಿನಲ್ಲೇ ಪಾಠ ನಡೆಯಿತು. ಕೂಸು ಕಾಯುವವರಿಗಾಗಿ ಶಿಶುಪಾಲನಾ ಕೇಂದ್ರ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣಕ್ಕೆ ತಂದರು. ಅದಕ್ಕೆ ವಿಕಾಸವಾಡಿ ಎಂದು ಹೆಸರು. ಅಕ್ಕ ಕೂಸನ್ನು ಒಂದು ಬಾಗಿಲಲ್ಲಿ ಬಿಟ್ಟು ಪಕ್ಕದ ಬಾಗಿಲಿಂದ ತನ್ನ ತರಗತಿಗೆ ಹೋಗಬಹುದಿತ್ತು.

1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಪ್ರಯೋಗವಾಗಿ ಆರಂಭಿಸಿದಾಗ ಅಂಗನವಾಡಿ ಎಂಬ ಹೆಸರು ಅದಕ್ಕೆ ಬಂತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ಶುರುವಾಯಿತು. ಹೆಸರು ಬಂತು, ಊಟ ಬಂತು, ಲಸಿಕೆ ಬಂತು. ಪಕ್ಕದ ಬಾಗಿಲು ಮಾತ್ರ ಬರಲಿಲ್ಲ.

ಕಾನೂನಿನಲ್ಲೂ ಹೀಗೆಯೇ ಆಯಿತು. ಸಂವಿಧಾನದ 45ನೇ ವಿಧಿ ಮೊದಲಿಗೆ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳನ್ನೂ ಒಟ್ಟಿಗೆ ಹೇಳುತ್ತಿತ್ತು. 2002ರ 86ನೇ ತಿದ್ದುಪಡಿ ಅದನ್ನು ಎರಡಾಗಿ ಸೀಳಿತು. ಆರರಿಂದ ಹದಿನಾಲ್ಕರವರಿಗೆ ಶಿಕ್ಷಣ ಮೂಲಭೂತ ಹಕ್ಕಾಯಿತು. ಆರರ ಒಳಗಿನವರ ಆರೈಕೆ ಮತ್ತು ಶಿಕ್ಷಣಕ್ಕೆ ರಾಜ್ಯವು ಪ್ರಯತ್ನಿಸತಕ್ಕದ್ದು ಎಂದಷ್ಟೇ ಉಳಿಯಿತು. ಹನ್ನೊಂದು ವರ್ಷದ ಅಕ್ಕನಿಗೆ ಹಕ್ಕಿದೆ, ಒಂದೂವರೆ ವರ್ಷದ ತಮ್ಮನಿಗೆ ಸರ್ಕಾರದ ಪ್ರಯತ್ನವಿದೆ. ಇಬ್ಬರೂ ಒಂದೇ ಮನೆಯಲ್ಲಿರುವುದರಿಂದ ತಮ್ಮನಿಗೆ ಇಲ್ಲದ್ದು ಅಕ್ಕನಿಗೆ ಇರುವುದನ್ನು ಕಿತ್ತುಕೊಳ್ಳುತ್ತದೆ. ಶಾಲೆ ಬಿಟ್ಟ ಹೆಣ್ಣುಮಕ್ಕಳ ಬಗ್ಗೆ ಮಾತನಾಡುವಾಗ ಬಾಲ್ಯವಿವಾಹ, ಶೌಚಾಲಯ, ದೂರದ ದಾರಿ ಎಲ್ಲವೂ ಬರುತ್ತವೆ. ಕಂಕುಳಲ್ಲಿನ ಕೂಸು ಅಷ್ಟಾಗಿ ಬರುವುದಿಲ್ಲ.

ಕೆಲಸದ ಜಾಗದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂಬ ಕಾನೂನುಗಳು ನಮ್ಮಲ್ಲಿ ಹಳೆಯವೇ. 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಅದನ್ನು ಕೇಳಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ತೋಟದ ಕೂಲಿಗಳಿಗೆ 1951ರ ಕಾಯ್ದೆ ಬಂತು. ಲೆಕ್ಕವೆಲ್ಲ ಹೆಂಗಸರದ್ದೇ ಎಂಬುದನ್ನು ಗಮನಿಸಬೇಕು. ಮಗುವಿಗೆ ಅಪ್ಪನೂ ಒಬ್ಬನಿರುತ್ತಾನೆ ಎಂಬುದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯವರೆಗೆ ಕಾನೂನಿನ ಕಣ್ಣಿಗೆ ಬೀಳಲಿಲ್ಲ. ಆಗ ಗಂಡಸರೂ ಸೇರಿ 50 ನೌಕರರಿರುವ ಕಡೆ ಎಂದಾಯಿತು. ಆದರೆ ಊರ ಗೌಡರ ಹೊಲದಲ್ಲಿ ಕಳೆ ಕೀಳುವ ಹತ್ತು ಹೆಂಗಸರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ.

ಹಾಗೆ ನೋಡಿದರೆ ಗಂಟೆಗಳನ್ನು ಲೆಕ್ಕ ಹಾಕಿಯೇ ಕೊಡುವ ದೇಶಗಳೂ ಇವೆ. ಇಂಗ್ಲೆಂಡಿನಲ್ಲಿ 2010ರಿಂದ ಮೂರು, ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ವಾರಕ್ಕೆ 15 ಗಂಟೆಯಂತೆ, ವರ್ಷಕ್ಕೆ 38 ವಾರ, ಸರ್ಕಾರವೇ ಶಿಶುವಿಹಾರದ ಹಣ ಕಟ್ಟುತ್ತದೆ. ದುಡಿಯುವ ತಂದೆತಾಯಿಯರ ಮಕ್ಕಳಿಗೆ 2017ರಲ್ಲಿ ಅದು 30 ಗಂಟೆಯಾಯಿತು. 2025ರ ಸೆಪ್ಟೆಂಬರಿನಿಂದ ಒಂಬತ್ತು ತಿಂಗಳ ಕೂಸಿನಿಂದಲೇ 30 ಗಂಟೆ. ಅಲ್ಲಿನ ತೊಡಕು ಬೇರೆ. ತಾಯಿಗೆ ಕೆಲಸವಿಲ್ಲದ ಮನೆಯ ಮಗುವಿಗೆ, ಎಂದರೆ ಬಹುಶಃ ಹೆಚ್ಚು ಅಗತ್ಯವಿರುವ ಮಗುವಿಗೆ, ಅರ್ಧ ಗಂಟೆಗಳೇ ಸಿಗುತ್ತವೆ. ನಮ್ಮ ಅಂಗನವಾಡಿ ತಾಯಿಯ ಸಂಬಳದ ಚೀಟಿ ಕೇಳುವುದಿಲ್ಲ. ಆ ಮಟ್ಟಿಗೆ ನಮ್ಮದೇ ಹೆಚ್ಚು ಉದಾರ.

ಕರ್ನಾಟಕ ಸರ್ಕಾರ 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿದ್ದು ಈ ಕೊರತೆಯನ್ನು ನೇರವಾಗಿ ಮುಟ್ಟಿದ ಕ್ರಮ. ಉದ್ಯೋಗ ಖಾತರಿಯ ಚೀಟಿ ಇದ್ದ ಹೆಂಗಸರಿಗೇ ತರಬೇತಿ ಕೊಟ್ಟು, ಕೂಸು ನೋಡಿಕೊಳ್ಳುವುದನ್ನೇ ಕೂಲಿಯ ಕೆಲಸವೆಂದು ಎಣಿಸಲಾಯಿತು. ಅಮ್ಮಂದಿರು ಯುಗಯುಗದಿಂದ ಮಾಡಿದ ಕೆಲಸಕ್ಕೆ ಕೂಲಿ ಎಂಬ ಮಾತು ಹಳ್ಳಿಯಲ್ಲಿ ಕೆಲವರಿಗೆ ನಗೆ ತರಿಸಿರಲೂಬಹುದು. ಆದರೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಎಂಬ ಮಿತಿ ಇದ್ದುದರಿಂದ ನೋಡಿಕೊಳ್ಳುವವರು ಸರದಿಯ ಮೇಲೆ ಬದಲಾಗಬೇಕಾಯಿತು. ಒಂದು ವರ್ಷದ ಕೂಸಿಗೆ ಯೋಜನೆಯ ನಿಯಮ ತಿಳಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ಮುಖ ಮಾತ್ರ.

ಹಾಗಾದರೆ ಅಂಗನವಾಡಿಯನ್ನೇ ಸಂಜೆ ಆರರವರೆಗೆ ತೆರೆದಿಡಲಿ ಎನ್ನುವುದು ಸುಲಭ. ಅಂಗನವಾಡಿ ಕಾರ್ಯಕರ್ತೆ ಕಾಗದದ ಮೇಲೆ ಇಂದಿಗೂ ಗೌರವ ಸೇವೆಯವಳು. ಅವಳಿಗೆ ಬರುವುದು ಸಂಬಳವಲ್ಲ, ಗೌರವಧನ. ಸಮೀಕ್ಷೆ, ಚುನಾವಣೆ, ಮೊಬೈಲಿನಲ್ಲಿ ತುಂಬಬೇಕಾದ ದಾಖಲೆ ಎಲ್ಲವೂ ಅವಳ ತಲೆಗೇ. ಅವಳ ದುಡಿಮೆಗೆ ಗ್ರಾಚ್ಯುಟಿ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದು 2022ರಲ್ಲಿ. ಎರಡು ಗಂಟೆ ಹೆಚ್ಚಿಸುವುದಾದರೆ ಇನ್ನೊಬ್ಬಳನ್ನು ನೇಮಿಸಿಯೇ ಹೆಚ್ಚಿಸಬೇಕು. ಇಲ್ಲದಿದ್ದರೆ ಅಕ್ಕನ ಕಂಕುಳಿನ ಭಾರ ಕಾರ್ಯಕರ್ತೆಯ ಕಂಕುಳಿಗೆ ದಾಟುತ್ತದೆ, ಅಷ್ಟೇ. ಅವಳ ಮನೆಯಲ್ಲೂ ಒಬ್ಬಳು ಮಗಳಿರಬಹುದು.

ಪೋಷಕರ ಕೈಯಲ್ಲಿ ಏನೂ ಇಲ್ಲವೆಂದಲ್ಲ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಜನವಸತಿಯವರು ಕೇಳಿದರೆ ಮೂರು ತಿಂಗಳೊಳಗೆ ಅದನ್ನು ತೆರೆಯಬೇಕೆಂದು ಸುಪ್ರೀಂ ಕೋರ್ಟು 2006ರ ಡಿಸೆಂಬರಿನಲ್ಲೇ ಆದೇಶಿಸಿದೆ. ಇರುವ ಅಂಗನವಾಡಿಗೆ ಬಾಲವಿಕಾಸ ಸಮಿತಿ ಎಂಬುದೊಂದು ಇರುತ್ತದೆ, ಅದರಲ್ಲಿ ತಾಯಂದಿರೂ ಇರುತ್ತಾರೆ. ಅದರ ಸಭೆಗಳು ರುಜು ಹಾಕಿಸಿಕೊಳ್ಳುವಲ್ಲಿಗೇ ಮುಗಿಯಬೇಕಾಗಿಲ್ಲ.

ಮಕ್ಕಳಿಗೂ ಒಂದು ಜಾಗವಿದೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಕಾಂಪೌಂಡು, ಆಟದ ಮೈದಾನ, ಬಸ್ಸು, ನೀರು ಎಂದು ಮಕ್ಕಳು ಅಲ್ಲಿ ಎದ್ದು ನಿಂತು ಕೇಳುತ್ತಾರೆ. ಅಂಗನವಾಡಿಯ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಮೂರು ವರ್ಷ ತುಂಬದ ತಮ್ಮನನ್ನು ಹಗಲು ಎಲ್ಲಿ ಬಿಡಬೇಕು ಎಂದು ಆರನೇ ತರಗತಿಯ ಹುಡುಗಿಯೂ ಅಲ್ಲಿ ಕೇಳಬಹುದು. ಅದನ್ನು ನಡವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕಾದವರು ಎದುರಿಗೇ ಕುಳಿತಿರುತ್ತಾರೆ.