ಓಕೆ ಒತ್ತುವವರಿಲ್ಲದ ಕೋಣೆ

ಕಚೇರಿಯ ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್. ಮಾನಿಟರಿಗೆ ಸೆಲ್ಲೋಟೇಪ್ ಹಾಕಿ ಅಂಟಿಸಿದ ಚೀಟಿ: ‘ದಯವಿಟ್ಟು ಆಫ್ ಮಾಡಬೇಡಿ’. ಅದರ ಮುಂದೆ ಕುರ್ಚಿಯಿಲ್ಲ, ಕೂರುವವರೂ ಇಲ್ಲ. ಆದರೂ ದಿನವಿಡೀ ದುಡಿಯುತ್ತದೆ. ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕಾಣುವ ಫೋಲ್ಡರಿಗೆ ಯಾರಾದರೂ ವರ್ಡ್ ಫೈಲ್ ಹಾಕಿದರೆ ಸಾಕು, ಅರೆ ನಿಮಿಷದಲ್ಲಿ ಪಕ್ಕದ ಫೋಲ್ಡರಿನಲ್ಲಿ ಅದರ ಪಿಡಿಎಫ್ ಬಂದು ಕೂತಿರುತ್ತದೆ. ‘ಕಂಪ್ಯೂಟರ್ ಚೆನ್ನಾಗಿ ಗೊತ್ತಿರುವ ಹುಡುಗ’ ಎಂದು ಹೆಸರಾದವನೊಬ್ಬ ಯಾವುದೋ ಶನಿವಾರ ಮಧ್ಯಾಹ್ನ ಕೂತು ಬರೆದ ಮೂವತ್ತು ಸಾಲಿನ ಸ್ಕ್ರಿಪ್ಟಿನ ಕೆಲಸ ಅದು. ಹುಡುಗ ಬೇರೆ ಕೆಲಸ ಹಿಡಿದು ಹೋಗಿ ಎಷ್ಟೋ ಕಾಲವಾಯಿತು. ಸ್ಕ್ರಿಪ್ಟ್ ಮಾತ್ರ ಓಡುತ್ತಲೇ ಇದೆ.

ಸಹಕಾರ ಸಂಘ, ವಕೀಲರ ಚೇಂಬರ್, ಕಾಲೇಜಿನ ಪರೀಕ್ಷಾ ವಿಭಾಗ, ಲೆಕ್ಕಪರಿಶೋಧಕರ ಆಫೀಸು ಎಲ್ಲಿ ಹೋದರೂ ಈ ಏರ್ಪಾಟು ಅಷ್ಟಿಷ್ಟು ಬದಲಾವಣೆಯೊಂದಿಗೆ ಕಾಣಸಿಗುತ್ತದೆ. ಯಾರಿಗೂ ಕಳ್ಳತನ ಮಾಡುವ ಉದ್ದೇಶವಿಲ್ಲ. ದಿನಕ್ಕೆ ನೂರು ಸಲ ‘ಸೇವ್ ಆ್ಯಸ್’ ಒತ್ತುವ ಬೇಸರ ತಪ್ಪಿದರೆ ಸಾಕಿತ್ತು, ಅಷ್ಟೇ.

ಒಂದು ದಿನ ಕರೆಂಟು ಹೋಗುತ್ತದೆ. ಯುಪಿಎಸ್ಸಿನ ಬ್ಯಾಟರಿ ಸತ್ತು ವರ್ಷವಾಗಿರುತ್ತದೆ. ಕರೆಂಟು ಬಂದಾಗ ಕಂಪ್ಯೂಟರ್ ತಾನಾಗಿ ಏಳುತ್ತದೆ, ಸ್ಕ್ರಿಪ್ಟ್ ಏಳುತ್ತದೆ, ವರ್ಡ್ ಕೂಡ ಏಳುತ್ತದೆ. ಎದ್ದ ವರ್ಡ್ ಸೌಜನ್ಯದಿಂದ ಒಂದು ಪ್ರಶ್ನೆ ಕೇಳುತ್ತದೆ: ಹೋದ ಸಲ ಸರಿಯಾಗಿ ಮುಚ್ಚಿರಲಿಲ್ಲ, ಈಗ ಸೇಫ್ ಮೋಡಿನಲ್ಲಿ ತೆರೆಯಲೇ? ಹೌದು ಅಥವಾ ಇಲ್ಲ ಎನ್ನಲು ಅಲ್ಲಿ ಯಾರಿದ್ದಾರೆ? ಪ್ರಶ್ನೆ ಪರದೆಯ ಮೇಲೆ ನಿಂತೇ ಇರುತ್ತದೆ. ಇತ್ತ ಫೋಲ್ಡರಿನಲ್ಲಿ ಫೈಲುಗಳು ಸಾಲುಗಟ್ಟುತ್ತವೆ. ‘ನೆಟ್ ಸ್ಲೋ ಇದೆಯಾ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಊಟದ ಡಬ್ಬಿ ತೊಳೆಯಲು ಆ ಕಡೆ ಹೋದವರ ಕಣ್ಣಿಗೆ ಪ್ರಶ್ನೆ ಬಿದ್ದು, ಅವರು ಧೈರ್ಯ ಮಾಡಿ ಗುಂಡಿ ಒತ್ತುವವರೆಗೆ ಇಡೀ ಕಚೇರಿಯ ಟಪಾಲು ನಿಂತಿರುತ್ತದೆ.

ಹೀಗಾಗುತ್ತದೆಂದು ಮೈಕ್ರೋಸಾಫ್ಟ್ ಕಂಪನಿಯೇ ಬಹಳ ಹಿಂದೆ ಹೇಳಿಟ್ಟಿದೆ. 257757 ಎಂಬ ಸಂಖ್ಯೆಯ ಅದರ ತಾಂತ್ರಿಕ ಟಿಪ್ಪಣಿ ಈ ಕಸುಬಿನವರಲ್ಲಿ ಪ್ರಸಿದ್ಧ. ಆಫೀಸ್ ತಂತ್ರಾಂಶವನ್ನು ಕೀಲಿಮಣೆಯ ಮುಂದೆ ಮನುಷ್ಯ ಕೂತಿರುತ್ತಾನೆಂದು ಎಣಿಸಿಯೇ ಕಟ್ಟಲಾಗಿದೆ, ಆಳಿಲ್ಲದ ಸರ್ವರಿನಲ್ಲಿ ಅದನ್ನು ಓಡಿಸಿದರೆ ನಡುವೆ ಸಿಕ್ಕಿಹಾಕಿಕೊಳ್ಳಬಹುದು, ಹಾಗೆ ಬಳಸುವುದನ್ನು ಕಂಪನಿ ಶಿಫಾರಸು ಮಾಡುವುದಿಲ್ಲ, ಬೆಂಬಲಿಸುವುದೂ ಇಲ್ಲ ಎಂಬುದು ಅದರ ತಿರುಳು. ಬಹುತೇಕರು ಇಷ್ಟು ಓದಿ, ‘ಆಗಾಗ ಸಿಕ್ಕಿಹಾಕಿಕೊಂಡರೆ ರೀಸ್ಟಾರ್ಟ್ ಮಾಡಿದರಾಯಿತು’ ಎಂದು ಪುಟ ಮುಚ್ಚುತ್ತಾರೆ. ಪುಟದ ಇನ್ನೊಂದು ಮಾತು ಅದಕ್ಕಿಂತ ಗಂಭೀರವಾದದ್ದು. ಸರ್ವರಿನಲ್ಲಿ ಕೂರಿಸಿದ ಆಫೀಸಿನಿಂದ ಕೆಲಸ ಮಾಡಿಸಿಕೊಳ್ಳುವ ಪ್ರತಿಯೊಂದು ಕಂಪ್ಯೂಟರಿಗೂ ಆಫೀಸಿನ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇಲ್ಲದವರಿಗೆ ಹಿಂಬಾಗಿಲಿನಿಂದ ಆ ಸೌಲಭ್ಯ ಒದಗಿಸುವುದು ಕರಾರಿನೊಳಗೆ ಬರುವುದಿಲ್ಲ.

ಹಾಸ್ಟೆಲಿನ ಮೆಸ್ಸಿನಲ್ಲಿ ಒಬ್ಬನೇ ಕೂಪನ್ ತೋರಿಸಿ, ಕಿಟಕಿಯಿಂದ ನಲವತ್ತು ತಟ್ಟೆ ಊಟ ಹೊರಗೆ ಸಾಗಿಸಿದರೆ ಭಟ್ಟರು ಸುಮ್ಮನಿರುತ್ತಾರೆಯೇ? ಮೂಲೆಯ ಕಂಪ್ಯೂಟರ್ ಮಾಡುತ್ತಿರುವುದು ಅದನ್ನೇ. ಕೂಪನ್ ಅಸಲಿ, ಊಟವೂ ಅಸಲಿ. ಉಣ್ಣುವವರ ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ. ಲೈಸೆನ್ಸಿನ ಪರಿಭಾಷೆಯಲ್ಲಿ ಇದಕ್ಕೆ ಮಲ್ಟಿಪ್ಲೆಕ್ಸಿಂಗ್ ಎಂಬ ಹೆಸರಿದೆ. ನಡುವೆ ಎಷ್ಟು ಯಂತ್ರ, ಎಷ್ಟು ಸ್ಕ್ರಿಪ್ಟ್ ನಿಲ್ಲಿಸಿದರೂ ಬೇಕಾಗುವ ಲೈಸೆನ್ಸುಗಳ ಸಂಖ್ಯೆ ಕಡಿಮೆಯಾಗದು ಎಂಬುದು ನಿಯಮ.

ಇದೆಲ್ಲ ಕಾಗದದ ಮೇಲಿನ ಬೆದರಿಕೆ ಎಂದುಕೊಳ್ಳುವವರು ಡಿಯಾಜಿಯೊ ಪ್ರಕರಣವನ್ನು ನೋಡಬೇಕು. ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್‌ನ ಒಡೆತನ ಹೊಂದಿರುವ ಬ್ರಿಟನ್ನಿನ ಮದ್ಯ ಕಂಪನಿ ಅದು. ಜರ್ಮನಿಯ ಎಸ್‌ಎಪಿ ಕಂಪನಿಯ ತಂತ್ರಾಂಶವನ್ನು ದುಡ್ಡು ಕೊಟ್ಟೇ ತಂದಿತ್ತು. ಆಮೇಲೆ ತನ್ನ ಮಾರಾಟ ಪ್ರತಿನಿಧಿಗಳಿಗೂ ಗ್ರಾಹಕರಿಗೂ ಸೇಲ್ಸ್‌ಫೋರ್ಸ್ ವೇದಿಕೆಯಲ್ಲಿ ಬೇರೆ ಆ್ಯಪ್‌ಗಳನ್ನು ಕಟ್ಟಿಸಿ, ಅವು ಹಿಂದಿನಿಂದ ಎಸ್‌ಎಪಿ ಜೊತೆ ಮಾತಾಡುವಂತೆ ಮಾಡಿತು. ಗ್ರಾಹಕ ಎಸ್‌ಎಪಿಯ ಪರದೆಯನ್ನು ಕಣ್ಣಿಂದಲೂ ಕಂಡವನಲ್ಲ. ಆದರೂ ಅದು ಪರೋಕ್ಷ ಬಳಕೆಯೇ, ಅದಕ್ಕೂ ಲೈಸೆನ್ಸ್ ಬೇಕಿತ್ತು ಎಂದು 2017ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಹೈಕೋರ್ಟ್ ತೀರ್ಪಿತ್ತಿತು. ಎಸ್‌ಎಪಿ ಕೇಳಿದ್ದ ಮೊತ್ತ 5.4 ಕೋಟಿ ಪೌಂಡಿಗೂ ಹೆಚ್ಚು. ಕೋರ್ಟು ಆ ಹಂತದಲ್ಲಿ ಹೊಣೆಯನ್ನಷ್ಟೇ ತೀರ್ಮಾನಿಸಿತ್ತು, ಮೊತ್ತವನ್ನಲ್ಲ. ಆದರೂ ಪ್ರಪಂಚದಾದ್ಯಂತ ಐಟಿ ಮುಖ್ಯಸ್ಥರು ತಮ್ಮ ಸರ್ವರ್ ಕೋಣೆಯ ಸ್ಕ್ರಿಪ್ಟುಗಳನ್ನು ಎಣಿಸಲು ಅಷ್ಟು ಸಾಕಾಯಿತು. ಮರುವರ್ಷ ಎಸ್‌ಎಪಿ ಇಂಥ ಬಳಕೆಗೆ ಹೊಸ ದರಪಟ್ಟಿ ತಂದಿತು. ತಲೆಯ ಬದಲು, ಸೃಷ್ಟಿಯಾದ ದಾಖಲೆಗಳ ಲೆಕ್ಕ.

ನಮ್ಮಲ್ಲಿ ಲೈಸೆನ್ಸ್ ಎಂದಕೂಡಲೇ ಮಾತು ಪೈರಸಿಗೆ ಹೊರಳುತ್ತದೆ. ನಕಲಿ ಪ್ರತಿಯನ್ನು ಗೊತ್ತಿದ್ದೂ ಬಳಸಿದರೆ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ಇದೆ. ಆದರೆ ಮೂಲೆಯ ಕಂಪ್ಯೂಟರಿನ ಪ್ರತಿ ನಕಲಿಯಲ್ಲ. ಬಿಲ್ ಇದೆ, ಕೀ ಇದೆ, ಸ್ಟಾಕ್ ರಿಜಿಸ್ಟರಿನಲ್ಲಿ ನಮೂದೂ ಇದೆ. ತಪ್ಪಿರುವುದು ಕರಾರಿನ ಗೆರೆ. ಹಾಗಾಗಿ ಆಡಿಟ್‌ನವರ ಕಣ್ಣಿಗೂ ಬೀಳುವುದಿಲ್ಲ. ಬಿಲ್ ನೋಡಿದರು, ಟಿಕ್ ಹಾಕಿದರು, ಮುಗಿಯಿತು.

ಕಂಪನಿಗಳೇನು ಪಾಪದವೆಂದು ಹೇಳಬೇಕಾಗಿಲ್ಲ. ಇಂದು ಯಾರೂ ಎರಡನೆಯ ಸಲ ಯೋಚಿಸದ ‘ಸೇವ್ ಆ್ಯಸ್ ಪಿಡಿಎಫ್’ ಎಂಬ ಗುಂಡಿಯೂ ಜಗಳದಲ್ಲೇ ಹುಟ್ಟಿದ್ದು. ಆಫೀಸ್ 2007ರಲ್ಲಿ ಅದನ್ನು ಸೇರಿಸಲು ಮೈಕ್ರೋಸಾಫ್ಟ್ ಹೊರಟಾಗ ಪಿಡಿಎಫ್ ರೂಪಿಸಿದ ಅಡೋಬ್ ಕಂಪನಿ ತಕರಾರು ತೆಗೆಯಿತು. ಕೊನೆಗೆ ಗುಂಡಿಯನ್ನು ಪೆಟ್ಟಿಗೆಯಿಂದ ತೆಗೆದು, ಬೇಕಾದವರು ಪ್ರತ್ಯೇಕವಾಗಿ ಡೌನ್‌ಲೋಡ್ ಮಾಡಿಕೊಳ್ಳಿ ಎನ್ನಬೇಕಾಯಿತು. ಅದು ಮತ್ತೆ ಒಳಗೆ ಬಂದದ್ದು 2009ರಲ್ಲಿ. ಅಷ್ಟರಲ್ಲಿ, 2008ರಲ್ಲೇ, ಪಿಡಿಎಫ್ ಐಎಸ್‌ಒ 32000 ಎಂಬ ಸಂಖ್ಯೆಯ ಮುಕ್ತ ಮಾನಕವಾಗಿತ್ತು. ರೂಪ ಎಲ್ಲರದೂ ಆಯಿತು. ಆ ರೂಪಕ್ಕೆ ತರುವ ಯಂತ್ರ ಮಾತ್ರ ಯಾರದೋ ಷರತ್ತಿನಲ್ಲೇ ಉಳಿಯಿತು.

ಹಾಗಾದರೆ ಕಚೇರಿ ಏನು ಮಾಡಬೇಕು? ಉತ್ತರ ಅಂಥ ಕಷ್ಟದ್ದಲ್ಲ. ಮೇಜಿನ ಮುಂದೆ ಕೂರುವವರ ಲೆಕ್ಕದಲ್ಲಿ ಮಾರುವ ತಂತ್ರಾಂಶ ಮೇಜಿನ ಮೇಲೇ ಇರಲಿ. ವರ್ಡ್ ಲೈಸೆನ್ಸ್ ಇರುವ ಗುಮಾಸ್ತರ ಕಂಪ್ಯೂಟರಿನಲ್ಲೇ ಒಂದು ಮ್ಯಾಕ್ರೋ ಹಾಕಿ, ಅವರ ಫೋಲ್ಡರಿನ ನೂರು ಫೈಲು ಅವರ ಕಣ್ಣೆದುರೇ ಬದಲಾಗುವಂತೆ ಮಾಡಿದರೆ ಯಾವ ತಕರಾರೂ ಇಲ್ಲ. ಎಲ್ಲರ ಕೆಲಸವನ್ನೂ ಒಂದೇ ಕಡೆ ಮಾಡುವ ಸರ್ವರ್ ಬೇಕೆಂದರೆ, ತಲೆ ಎಣಿಸದ ತಂತ್ರಾಂಶವನ್ನು ಅಲ್ಲಿ ಕೂರಿಸಬೇಕು.

ಅಂಥದ್ದು ಇದೆ. ಜರ್ಮನಿಯ ಸ್ಟಾರ್ ಡಿವಿಷನ್ ಕಂಪನಿಯನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡು, ಮರುವರ್ಷ ಅದರ ಕೋಡನ್ನು ಲೋಕಕ್ಕೆ ಬಿಚ್ಚಿಟ್ಟಿತು. ಅದರ ಸಂತಾನವಾಗಿ 2010ರಲ್ಲಿ ಬಂದ ಲಿಬ್ರೆ ಆಫೀಸ್ ‘ಹೆಡ್‌ಲೆಸ್’ ಎಂಬ ರೀತಿಯಲ್ಲಿ ಓಡುತ್ತದೆ. ಪರದೆಯಿಲ್ಲ, ಹೌದು–ಇಲ್ಲ ಎಂದು ಕೇಳುವ ಪೆಟ್ಟಿಗೆಯಿಲ್ಲ. ಒಂದು ಸಾಲಿನ ಆಜ್ಞೆಗೆ ಫೋಲ್ಡರಿನ ಫೈಲುಗಳೆಲ್ಲ ಪಿಡಿಎಫ್ ಆಗುತ್ತವೆ. ನಾಲ್ಕು ಜನ ಬಳಸಲಿ, ನಾಲ್ಕು ಸಾವಿರ ಜನ ಬಳಸಲಿ, ಲೈಸೆನ್ಸ್ ಕೇಳುವುದಿಲ್ಲ. ಇದಕ್ಕೂ ಅದರದೇ ಹಟಗಳಿವೆ. ಒಂದು ಪ್ರೊಫೈಲಿನಲ್ಲಿ ಒಂದು ಸಲಕ್ಕೆ ಒಂದೇ ಓಡುತ್ತದೆ. ಅದೇ ಪ್ರೊಫೈಲಿನಲ್ಲಿ ಯಾರೋ ಲಿಬ್ರೆ ಆಫೀಸ್ ತೆರೆದಿಟ್ಟಿದ್ದರೆ, ಹಿಂದಿನಿಂದ ಬಂದ ಆಜ್ಞೆ ಏನೂ ಮಾಡದೆ ಸದ್ದಿಲ್ಲದೆ ವಾಪಸಾಗಬಹುದು. ಸರ್ವರಿಗೆಂದು ಬೇರೆ ಪ್ರೊಫೈಲ್ ಕೊಡಬೇಕೆಂಬುದನ್ನು ಇಡೀ ದಿನ ತಲೆ ಕೆರೆದುಕೊಂಡೇ ಕಲಿಯುವವರು ಹೆಚ್ಚು. ಪತ್ರ, ಸುತ್ತೋಲೆ, ನಡವಳಿಗಳಿಗೆ ಇದು ಧಾರಾಳ ಸಾಕು. ವರ್ಡಿನಲ್ಲಿ ಹೆಣೆದ ಹದಿನಾಲ್ಕು ಕಾಲಮ್ಮಿನ ಕೋಷ್ಟಕ ಕೊಟ್ಟರೆ ಸಾಲುಗಳು ಅತ್ತಿತ್ತ ಜರುಗುವುದುಂಟು.

ಪುಕ್ಕಟೆ ಎಂದರೆ ಷರತ್ತಿಲ್ಲ ಎಂದೇನೂ ಅಲ್ಲ. ಕೊರಿಯದ ಹಾನ್‌ಕಾಂ ಕಂಪನಿ ತನ್ನ ನಾಡಿನ ಲಿಪಿಗೆ ವರ್ಡ್ ಪ್ರೊಸೆಸರ್ ಕಟ್ಟಿ ಹೆಸರಾದದ್ದು. ನಮ್ಮ ನುಡಿ, ಬರಹ ತಂತ್ರಾಂಶಗಳ ದೂರದ ನೆಂಟ ಎನ್ನಬಹುದು. ಪಿಡಿಎಫ್ ಮಾಡುವ ಕೆಲಸಕ್ಕೆ ಅದು ಗೋಸ್ಟ್‌ಸ್ಕ್ರಿಪ್ಟ್ ಎಂಬ ಮುಕ್ತ ತಂತ್ರಾಂಶವನ್ನು ತನ್ನ ಸರಕಿನೊಳಗೆ ಸೇರಿಸಿತು. ಅದರ ಷರತ್ತಿನಂತೆ ತನ್ನ ಕೋಡ್ ತೆರೆಯಲಿಲ್ಲ, ವಾಣಿಜ್ಯ ಲೈಸೆನ್ಸನ್ನೂ ಕೊಳ್ಳಲಿಲ್ಲ ಎಂದು ಗೋಸ್ಟ್‌ಸ್ಕ್ರಿಪ್ಟಿನ ಒಡೆಯ ಆರ್ಟಿಫೆಕ್ಸ್ 2016ರಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ಕೋರ್ಟಿಗೆ ಹೋಯಿತು. ದಾವೆ ವಜಾ ಮಾಡಿ ಎಂಬ ಹಾನ್‌ಕಾಂ ಕೋರಿಕೆಯನ್ನು ಕೋರ್ಟು ಮರುವರ್ಷ ತಳ್ಳಿಹಾಕಿತು, ಮುಂದೆ ಇಬ್ಬರೂ ರಾಜಿಯಾದರು. ಕಚೇರಿಯೊಳಗೆ ತನ್ನ ಬಳಕೆಗೆ ಓಡಿಸಿಕೊಳ್ಳುವವರಿಗೆ ಈ ಭಯವಿಲ್ಲ. ಅದನ್ನೇ ಪೊಟ್ಟಣ ಕಟ್ಟಿ ಮಾರಲು ಹೊರಟ ಸಾಫ್ಟ್‌ವೇರ್ ಅಂಗಡಿಯವರು ಮಾತ್ರ ಓದಿಕೊಳ್ಳಬೇಕಾದ ಕತೆ.

ಕನ್ನಡದ ಕಚೇರಿಗಳಿಗೆ ಇದರ ಮೇಲೆ ಇನ್ನೊಂದು ಗಂಟಿದೆ, ಫಾಂಟಿನ ಗಂಟು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ‘ಕನ್ನಡ’ ಎಂಬ ಪದದ ಹೊಟ್ಟೆ ಬಗೆದು ನೋಡಿದರೆ ಅಲ್ಲಿ ಕನ್ನಡವೇ ಇಲ್ಲ. ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಒಂದು ಕ್ಯೂ, ಕೊನೆಗೆ ಮತ್ತೊಮ್ಮೆ ಅದೇ ಎ ಸಿಗುತ್ತವೆ. ಅವುಗಳಿಗೆ ಕನ್ನಡದ ವೇಷ ಹಾಕುವುದು ಫಾಂಟು. ಆ ಫಾಂಟಿಲ್ಲದ ಸರ್ವರಿಗೆ ಫೈಲ್ ಹೋದರೆ ಜಿಲ್ಲಾಧಿಕಾರಿಯ ಆದೇಶದ ಬದಲು ಪೌಂಡ್ ಚಿಹ್ನೆಗಳ ಪುಟ ಹೊರಬರುತ್ತದೆ. ಫಾಂಟಿದ್ದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಪಿಡಿಎಫ್‌ನಲ್ಲಿ ‘ಆದೇಶ’ ಎಂದು ಹುಡುಕಿದರೆ ಸಿಗುವುದಿಲ್ಲ. ಮೊದಲು ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಪಿಡಿಎಫ್ ಮಾಡಬೇಕು. ಈ ಮೊದಲ ಮೆಟ್ಟಿಲಿಗೆ ಕನ್ನಡದ ಉತ್ಸಾಹಿಗಳು ಬರೆದ ಮುಕ್ತ ಪರಿವರ್ತಕಗಳು ಸಿಗುತ್ತವೆ.

ಯೂನಿಕೋಡ್ ಆದ ಮೇಲೂ ಲೈಸೆನ್ಸ್ ಬೆನ್ನು ಬಿಡುವುದಿಲ್ಲ. ವಿಂಡೋಸ್ ಜೊತೆ ಬರುವ ತುಂಗಾ, ನಿರ್ಮಲಾ ಫಾಂಟುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಲಿನಕ್ಸ್ ಸರ್ವರಿಗೆ ಇಳಿಸುವಂತಿಲ್ಲ. ಅವು ವಿಂಡೋಸಿನ ಲೈಸೆನ್ಸಿಗೆ ಕಟ್ಟಿಹಾಕಿದವು. ನೋಟೊ, ಲೋಹಿತ್‌ನಂಥ ಕನ್ನಡ ಫಾಂಟುಗಳಿಗೆ ಆ ಹಗ್ಗವಿಲ್ಲ. ಮೊದಲ ದಿನವೇ ಕಚೇರಿಯ ನಮೂನೆಗಳನ್ನೆಲ್ಲ ಇವುಗಳಲ್ಲಿ ಹೊಂದಿಸಿಬಿಟ್ಟರೆ, ಸರ್ವರಿನಲ್ಲಿ ಬೇರೆ ಫಾಂಟು ಬಂದು ಎರಡು ಪುಟದ ಪತ್ರ ಎರಡೂವರೆ ಪುಟವಾಗುವ ರಗಳೆ ತಪ್ಪುತ್ತದೆ.

ಈ ಯಾವುದನ್ನೂ ಮಾಡದ ಕಡೆ ಏನಾಗುತ್ತದೆ? ಸಿಬ್ಬಂದಿ ತಮ್ಮ ದಾರಿ ತಾವು ನೋಡಿಕೊಳ್ಳುತ್ತಾರೆ. ‘ಉಚಿತವಾಗಿ ಪಿಡಿಎಫ್ ಮಾಡಿ’ ಎಂದು ಕರೆಯುವ ಯಾವುದೋ ಜಾಲತಾಣಕ್ಕೆ ಫಲಾನುಭವಿಗಳ ಪಟ್ಟಿ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಮೇತ ಮೇಲೇರುತ್ತದೆ. ಅದು ಯಾವ ದೇಶದ ಯಾರ ಯಂತ್ರದಲ್ಲಿ ಉಳಿಯಿತೋ ಕೇಳುವವರಿಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದು 2023ರಲ್ಲಿ ಕಾಯ್ದೆ ಬಂದ ದೇಶವಿದು. ಲೈಸೆನ್ಸಿನ ನಾಲ್ಕು ಕಾಸು ಉಳಿಸುವ ಕಚೇರಿ ಕಳೆದುಕೊಳ್ಳುವುದು ಜನರ ಗುಟ್ಟನ್ನು.

ಸರ್ಕಾರಿ ಕಚೇರಿಗಳಿಗಂತೂ ನೆವ ಹೇಳಲು ಜಾಗವೇ ಇಲ್ಲ. ಇ–ಆಡಳಿತಕ್ಕೆ ಮುಕ್ತ ಮಾನಕ ಬಳಸಬೇಕೆಂಬ ಕೇಂದ್ರದ ನೀತಿ 2010ರದು. ಮುಕ್ತ ತಂತ್ರಾಂಶಕ್ಕೆ ಆದ್ಯತೆ ಇರಲಿ, ಅದನ್ನು ಕೈಬಿಡುವ ಪೂರೈಕೆದಾರರು ಕಾರಣ ಕೊಡಲಿ ಎಂಬ ನೀತಿ 2015ರದು. ಟೆಂಡರಿನಲ್ಲಿ ‘ದಾಖಲೆ ಪರಿವರ್ತನೆ ಸರ್ವರಿನಲ್ಲಿ ನಡೆಯುತ್ತದೆ, ಅದಕ್ಕೆ ತಕ್ಕ ಹಕ್ಕಿರುವ ತಂತ್ರಾಂಶವನ್ನೇ ಕೊಡತಕ್ಕದ್ದು’ ಎಂಬ ಒಂದು ವಾಕ್ಯ ಸೇರಿಸಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಉಳಿದ ಕಾಲು ಭಾಗ ಲೈಸೆನ್ಸಿನದಲ್ಲ, ಅಭ್ಯಾಸದ್ದು. ಎಷ್ಟೋ ಕಡೆ ಪರಿವರ್ತನೆ ಎಂದರೆ ಇಂದಿಗೂ ಹೀಗೆಯೇ: ಟೈಪ್ ಮಾಡಿದ ಸುತ್ತೋಲೆಯನ್ನು ಪ್ರಿಂಟ್ ತೆಗೆಯುವುದು, ಸಾಹೇಬರ ಸಹಿ ಮತ್ತು ಸೀಲು ಹಾಕಿಸುವುದು, ಅದನ್ನು ಸ್ಕ್ಯಾನರಿಗೆ ಕೊಟ್ಟು ತುಸು ಓರೆಯಾದ ಚಿತ್ರವನ್ನು ಪಿಡಿಎಫ್ ಎಂದು ಕರೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಡಿಜಿಟಲ್ ಸಹಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲೇ ಮಾನ್ಯತೆ ಇದ್ದರೂ ಸೀಲಿನ ನೀಲಿ ಶಾಯಿ ಕಾಣದಿದ್ದರೆ ಯಾರಿಗೂ ಸಮಾಧಾನವಿಲ್ಲ. ಆ ಚಿತ್ರ ತಾಲ್ಲೂಕಿಗೆ ಹೋಗುತ್ತದೆ. ಅಲ್ಲಿನ ಕಂಪ್ಯೂಟರ್ ಆಪರೇಟರ್ ಮೊಬೈಲನ್ನು ಕೀಲಿಮಣೆಗೆ ಒರಗಿಸಿಟ್ಟು, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ ನೋಡಿಕೊಂಡು, ಅದೇ ಸುತ್ತೋಲೆಯನ್ನು ‘ಉಲ್ಲೇಖ’ದಿಂದ ಹಿಡಿದು ಮತ್ತೆ ಟೈಪ್ ಮಾಡಲು ಶುರುಮಾಡುತ್ತಾರೆ.