ಗೇರ್ ನಮ್ಮ ಕೈಲೇ ಇರಲಿ

1989ರಲ್ಲಿ ಜಪಾನಿನ ಮಾಜ್ದಾ ಕಂಪನಿ ಎಂಎಕ್ಸ್-5 ಮಿಯಾಟಾ ಅನ್ನೋ ಪುಟ್ಟ ಕಾರು ತಂದಿತು. ಎರಡೇ ಸೀಟು, ಮಡಚೋ ಟಾಪು, ಐದು ಗೇರು, 1.6 ಲೀಟರ್ ಇಂಜಿನ್. ಪವರ್ ಸುಮಾರು 115 ಎಚ್‌ಪಿ ಅಷ್ಟೇ. ಆದ್ರೂ 2016ರ ಹೊತ್ತಿಗೆ ಹತ್ತು ಲಕ್ಷ ಮಿಯಾಟಾ ತಯಾರಾದವು. ಯಾಕೆ? ಕುದುರೆ, ಸವಾರ ಒಂದಾಗಬೇಕು ಅನ್ನೋದೇ ಅದರ ವಿನ್ಯಾಸದ ಸೂತ್ರ. ತಿರುವಿಗೆ ಮೊದಲೇ ಗೇರ್ ಇಳಿಸಬೇಕು. ಟಾಪ್ ತೆಗೆದಿದ್ರೆ ಇಂಜಿನ್ ಸದ್ದೇ ಮೀಟರು.

ಆಟೋಮ್ಯಾಟಿಕ್ ನಮಗಿಂತ ಬೇಗ ಗೇರ್ ಬದಲಿಸುತ್ತೆ, ಒಪ್ಪಿದ್ವಿ. ಆದ್ರೆ ಲ್ಯಾಬಿನಲ್ಲಿ ಬಿಚ್ಚಿ ನೋಡಿದ ಕ್ಲಚ್ ನಮಗೆ ನಿಜವಾಗಿ ಅರ್ಥವಾಗಿದ್ದು ಅಪ್ಪನ ಕಾರು ಏರಿನಲ್ಲಿ ಆಫ್ ಆಗಿ, ಹಿಂದಿನವರು ಹಾರ್ನ್ ಹೊಡೆದಾಗ! ತಪ್ಪು ಮಾಡೋಕೆ ಜಾಗವಿದ್ರೇ ಕಲಿಯೋ ಖುಷಿ. ಎಲ್ಲವನ್ನೂ ಮಷೀನಿಗೆ ಬಿಟ್ಟರೆ ಸ್ಟೀರಿಂಗ್ ಹಿಡಿದಿದ್ರೂ ನಾವು ಬರೀ ಪ್ಯಾಸೆಂಜರ್.