ಐಫೋನ್‌ಗೆ ಹೋಗ್ಬೇಕಾ? ದುರ್ಗಿಗುಡಿಯಿಂದ ಆರು ಪೋಸ್ಟ್

1/6
ಫೋಟೋ: ದುರ್ಗಿಗುಡಿ ಮೇನ್ ರೋಡ್, ಸಂಜೆ ಏಳು ಗಂಟೆ

"ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೋಗ್ಲಾ?" ಅಂತ ಈ ತಿಂಗಳು ಡಿಎಂ ಮಾಡಿದೋರಿಗೆಲ್ಲ ಒಟ್ಟಿಗೆ ಉತ್ತರ ಬರೀತಿದೀನಿ. ಒಂದು ಕ್ಯಾಪ್ಶನ್ನಲ್ಲಿ ಹಿಡಿಯಲ್ಲ, ಅದಕ್ಕೆ ಆರು ಪೋಸ್ಟ್. ಪೂರ್ತಿ ಓದೋ ತಾಳ್ಮೆ ಇಲ್ಲದವರಿಗೆ ಉತ್ತರ ಇಲ್ಲೇ ಇದೆ: ಕಂತಿನ ಮೇಲೆ ಹೋಗಬೇಡಿ. ಅಪ್ಪನ ಹೆಸರಿನ ಕಂತಿನ ಮೇಲಂತೂ ಹೋಗಲೇಬೇಡಿ.

ಐಫೋನ್ ಕೆಟ್ಟದು ಅಂತ ನಾನು ಹೇಳ್ತಿಲ್ಲ. ವಿಡಿಯೋ ಚೆನ್ನಾಗಿ ಬರುತ್ತೆ, ಐದಾರು ವರ್ಷ ಅಪ್‌ಡೇಟ್ ಬರುತ್ತೆ, ಮಾರೋಕೆ ಹೋದ್ರೂ ಒಳ್ಳೆ ಬೆಲೆ ಇದೆ. ನಮ್ಮ ಹತ್ತು ಸಾವಿರದ ಫೋನ್‌ಗಳಲ್ಲಿ ಲಾಕ್ ಸ್ಕ್ರೀನಿಗೇ ಜಾಹೀರಾತು ಬರುತ್ತಲ್ಲ, ಅಳಿಸೋಕೂ ಆಗದ ಆಪ್‌ಗಳು ಅಂಗಡಿಯಿಂದಲೇ ತುಂಬಿಕೊಂಡು ಬರ್ತಾವಲ್ಲ, ಆ ಕಾಟ ಅದರಲ್ಲಿಲ್ಲ. ಇದೆಲ್ಲ ನಿಜ.

ಆದ್ರೆ ಬಂದ ಡಿಎಂಗಳಲ್ಲಿ ಇದ್ಯಾವುದನ್ನೂ ಯಾರೂ ಕೇಳಿಲ್ಲ. ಕೇಳಿದ್ದು ಎಂತ ಗೊತ್ತಾ? "ಹದಿಮೂರು ತಗೊಂಡ್ರೆ ಹಳೇದು ಅಂತ ಗೊತ್ತಾಗುತ್ತಾ?" "ಕವರ್ ಹಾಕಿದ್ರೂ ಲೋಗೋ ಕಾಣುತ್ತಾ?" ಒಬ್ಳಂತೂ "ಕ್ಲಾಸಲ್ಲಿ ನಾನೊಬ್ಳೇ ಉಳ್ಕೊಂಡಿದೀನಿ ಅನ್ಸುತ್ತೆ ಕಣೋ" ಅಂತ ಬರೆದಿದ್ಲು. ಮಾರಾಯ್ರೇ, ಇದು ಆಪರೇಟಿಂಗ್ ಸಿಸ್ಟಂ ಪ್ರಶ್ನೆ ಅಲ್ಲ. ಯಾವ ಗುಂಪಿನ ಜೊತೆ ಕೂರೋಕೆ ಬಿಡ್ತಾರೆ ಅನ್ನೋ ಪ್ರಶ್ನೆ. ಕೂರೋ ಜಾಗಕ್ಕೆ ಎಂಬತ್ತು ಸಾವಿರ ಕೇಳ್ತಿದ್ದಾರೆ, ನಾವು ಕೊಡೋಕೆ ಸಾಲಲ್ಲಿ ನಿಂತಿದೀವಿ. ನನ್ನ ಸಿಟ್ಟು ಇರೋದು ಅದಕ್ಕೆ.

ಅಂದಹಾಗೆ ಅವಳೊಬ್ಳೇ ಉಳಿದಿಲ್ಲ. ಈ ದೇಶದಲ್ಲಿ ನೂರು ಸ್ಮಾರ್ಟ್‌ಫೋನ್ ತಗೊಂಡ್ರೆ ತೊಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡೇ. ಉಳಿದಿರೋದು ಅವರು, ನಾವಲ್ಲ.

2/6
ಫೋಟೋ: ಕ್ಯಾಲ್ಕುಲೇಟರ್ ಸ್ಕ್ರೀನ್‌ಶಾಟ್

ಲೆಕ್ಕ ಹಾಕೋಣ. 2025ರ ಸೆಪ್ಟೆಂಬರಲ್ಲಿ ಐಫೋನ್ 17 ಇಲ್ಲಿಗೆ ಬಂದಾಗ ಶುರುವಿನ ಬೆಲೆ ₹82,900. 24 ತಿಂಗಳಿಗೆ ಹಂಚಿದ್ರೆ ತಿಂಗಳಿಗೆ ₹3,454. ಐದನೇ ಸೆಮ್ ಶುರುವಲ್ಲಿ ತಗೊಂಡ್ರೆ ಡಿಗ್ರಿ ಮುಗಿದು ಒಂದು ವರ್ಷ ಆಗೋವರೆಗೂ ಕಂತು ಕಟ್ತಾ ಇರ್ತೀರಿ. ಕೆಲಸ ಸಿಕ್ಕಿರುತ್ತೋ ಇಲ್ವೋ, ಕಂತಂತೂ ಇರುತ್ತೆ.

"ನೋ ಕಾಸ್ಟ್ ಇಎಂಐ ಅಲ್ವಾ, ಬಡ್ಡಿನೇ ಇಲ್ಲ" ಅಂತಾರೆ. ಸೊನ್ನೆ ಬಡ್ಡಿ ಅನ್ನೋದೇ ಇಲ್ಲ, ಬಡ್ಡಿಯನ್ನ ಬೇರೆ ಹೆಸರಲ್ಲಿ ಮುಚ್ಚಿಟ್ಟು ವಸೂಲಿ ಮಾಡ್ತಾರೆ ಅಂತ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಲ್ಲೇ ಬ್ಯಾಂಕುಗಳಿಗೆ ಹೇಳಿ, ಆ ಥರದ ಸ್ಕೀಮು ನಿಲ್ಲಿಸಿ ಅಂದಿತ್ತು. ಈಗ ಅದೇ ಬೇರೆ ಅಂಗಿ ಹಾಕ್ಕೊಂಡು ಬಂದಿದೆ. ಬಡ್ಡಿಯಷ್ಟು ಮೊತ್ತ ಮೊದಲೇ "ಡಿಸ್ಕೌಂಟ್" ಅಂತ ಕಳೀತಾರೆ, ಆಮೇಲೆ ಬ್ಯಾಂಕು ಬಡ್ಡಿ ಹಾಕುತ್ತೆ. ಕ್ರೆಡಿಟ್ ಕಾರ್ಡಾದ್ರೆ ಆ ಬಡ್ಡಿ ಮೇಲೆ 18% ಜಿಎಸ್‌ಟಿ ನೀವೇ ಕೊಡ್ತೀರಿ. ಪ್ರೊಸೆಸಿಂಗ್ ಫೀ ಬೇರೆ. ಬಿಲ್ ಕೆಳಗಡೆ ಸಣ್ಣ ಅಕ್ಷರದಲ್ಲಿರುತ್ತೆ, ಓದಿ ನೋಡಿ.

ಕಂತು ಯಾರ ಹೆಸರಲ್ಲಿ? ನಮಗ್ಯಾರಿಗೂ ಸಂಬಳ ಇಲ್ಲ. ಅಪ್ಪನ ಆಧಾರ್, ಅಪ್ಪನ ಪ್ಯಾನ್, ಅಪ್ಪನ ಬ್ಯಾಂಕು. ಎರಡು ಕಂತು ತಪ್ಪಿದ್ರೆ ಸಿಬಿಲ್ ಸ್ಕೋರ್ ಬೀಳೋದು ಅಪ್ಪಂದು. ನಾಳೆ ತಂಗಿ ಎಜುಕೇಶನ್ ಲೋನಿಗೆ ಹೋದಾಗ ಬ್ಯಾಂಕಿನವರು ತೆಗೆದು ನೋಡೋದು ಅದನ್ನೇ.

ನಮ್ಮಲ್ಲಿ ಸುಮಾರು ಜನ ದಿನಾ ಭದ್ರಾವತಿಯಿಂದ ಬಂದು ಹೋಗೋರು. ಆ ಮನೆಗಳ ಕಥೆ ನಾನು ಹೇಳಬೇಕಾಗಿಲ್ಲ. ಎಂಪಿಎಂ ನಿಂತು ಹತ್ತು ವರ್ಷ ಆಯ್ತು. ವಿಐಎಸ್‌ಎಲ್ ಮುಚ್ತೀವಿ ಅಂತ 2023ರ ಜನವರಿಯಲ್ಲಿ ತೀರ್ಮಾನ ಬಂದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತಿದ್ರು, ಆ ಆಗಸ್ಟಲ್ಲಿ ಮತ್ತೆ ಕೆಲಸ ಶುರುವಾಯ್ತು. ಮುಂದಿನ ವರ್ಷ ಕಾರ್ಖಾನೆ ಗೇಟು ತೆಗೆದಿರುತ್ತಾ ಅಂತ ಗೊತ್ತಿಲ್ಲದ ಮನುಷ್ಯನ ಹತ್ರ 24 ತಿಂಗಳ ಸಹಿ ಹಾಕಿಸ್ಕೊಳ್ತೀರಲ್ಲ, ಕೈ ನಡುಗಲ್ವಾ?

3/6
ಫೋಟೋ: ಒಡೆದ ಡಿಸ್ಪ್ಲೇ (ನಂದಲ್ಲ)

"ಹಂಗಾದ್ರೆ ಸೆಕೆಂಡ್ ಹ್ಯಾಂಡ್ ತಗೊಳ್ತೀನಿ ಬಿಡು." ಇದು ಎರಡನೇ ಡಿಎಂ, ಯಾವಾಗ್ಲೂ ಹತ್ತು ನಿಮಿಷ ಬಿಟ್ಟು ಬರುತ್ತೆ.

ತಗೊಳ್ಳಿ, ಆದ್ರೆ ಯಾವುದು ಅಂತ ನೋಡಿ. ಐಫೋನ್ 8 ಮತ್ತು ಐಫೋನ್ ಎಕ್ಸ್ 2017ರವು. 2023ರಲ್ಲಿ ಐಒಎಸ್ 17 ಬಂದಾಗ ಎರಡನ್ನೂ ಕೈಬಿಟ್ರು, ಐಒಎಸ್ 16ಕ್ಕೇ ನಿಂತ್ವು. ಎಕ್ಸ್‌ಆರ್, ಎಕ್ಸ್‌ಎಸ್ 2018ರವು. 2025ರ ಸೆಪ್ಟೆಂಬರಲ್ಲಿ ಐಒಎಸ್ 26 ಬಂತು, ಅವಕ್ಕೆ ಬರಲಿಲ್ಲ. ಏಳು ವರ್ಷ ಅಪ್‌ಡೇಟ್ ಕೊಟ್ಟಿದ್ದು ದೊಡ್ಡದೇ, ಒಪ್ತೀನಿ. ಆದ್ರೆ ಆ ಏಳು ವರ್ಷ ಅನುಭವಿಸಿದ್ದು ಮೊದಲ ಮಾಲೀಕ. ನಿಮ್ಮ ಕೈಗೆ ಬರೋದು ಉಳಿದ ತಳ. ಅಷ್ಟೇ ದುಡ್ಡಿಗೋ ಸ್ವಲ್ಪ ಹೆಚ್ಚಿಗೋ ಹೊಸ ಆಂಡ್ರಾಯ್ಡ್ ಸಿಗುತ್ತೆ. 2024ರಲ್ಲಿ ಬಂದ ಗ್ಯಾಲಕ್ಸಿ ಎ16 5ಜಿ ಥರ ಮಧ್ಯಮ ಫೋನಿಗೇ ಸ್ಯಾಮ್‌ಸಂಗ್ ಆರು ವರ್ಷ ಅಪ್‌ಡೇಟ್ ಕೊಡ್ತೀನಿ ಅಂದಿದೆ. "ಆಂಡ್ರಾಯ್ಡಿಗೆ ಎರಡು ವರ್ಷ ಅಷ್ಟೇ" ಅನ್ನೋದು ಹಳೇ ಮಾತು.

ಬ್ಯಾಟರಿ ವಿಷಯ ಇನ್ನೊಂದು. ಬ್ಯಾಟರಿ ಹಳೇದಾದ ಐಫೋನ್‌ಗಳನ್ನ ತಾನೇ ನಿಧಾನ ಮಾಡ್ತಿದ್ದೆ ಅಂತ 2017ರ ಡಿಸೆಂಬರಲ್ಲಿ ಆಪಲ್ ಒಪ್ಕೊಳ್ತು. ಅಮೆರಿಕದಲ್ಲಿ ಕೇಸು ನಡೆದು 2020ರಲ್ಲಿ 50 ಕೋಟಿ ಡಾಲರ್‌ವರೆಗೆ ಕೊಡೋಕೆ ಒಪ್ಪಂದ ಆಯ್ತು. ಫೋನ್ ಇದ್ದಕ್ಕಿದ್ದಂಗೆ ಆಫ್ ಆಗದಿರಲಿ ಅಂತ ಮಾಡಿದ್ದು ಅನ್ನೋದು ಅವರ ಸಮಜಾಯಿಷಿ. ಇರಬಹುದು. ಹೇಳಿ ಮಾಡಬಹುದಿತ್ತಲ್ಲ?

ತಗೊಳ್ಳೋದೇ ಆದ್ರೆ ಬ್ಯಾಟರಿ ಹೆಲ್ತ್ ನೋಡಿ. ಹಳೇ ಮಾಲೀಕರ ಆಪಲ್ ಅಕೌಂಟ್ ನಿಮ್ಮ ಕಣ್ಣೆದುರಿಗೇ ತೆಗೆಸಿ. ಅದು ಹೋಗದಿದ್ರೆ ನೀವು ತಗೊಂಡಿದ್ದು ಫೋನಲ್ಲ, ಗಾಜಿನ ಬಿಲ್ಲೆ.

4/6
ಫೋಟೋ: ಅಮ್ಮನ ಫೋನಿನ ಸೆಟ್ಟಿಂಗ್ಸ್, ಪೂರ್ತಿ ಕನ್ನಡದಲ್ಲಿ

ಈ ಪೋಸ್ಟನ್ನ ರಾಜ್ಯೋತ್ಸವಕ್ಕೆ ಮಾತ್ರ ಕೆಂಪು-ಹಳದಿ ಸ್ಟೋರಿ ಹಾಕೋರು ಎರಡು ಸಲ ಓದಬೇಕು.

ಆಂಡ್ರಾಯ್ಡ್ 5, ಅಂದ್ರೆ ಲಾಲಿಪಾಪ್, 2014ರಲ್ಲಿ ಬಂತು. ಅವತ್ತಿಂದ ಫೋನಿನ ಮೆನು, ಸೆಟ್ಟಿಂಗ್ಸ್ ಎಲ್ಲ ಕನ್ನಡದಲ್ಲಿ ಇಟ್ಕೊಳ್ಳಬಹುದು. 2017ರ ಆಗಸ್ಟಲ್ಲಿ ಗೂಗಲ್ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡೋದನ್ನೂ ಕೊಡ್ತು. ಟೈಪಿಂಗ್ ಗೊತ್ತಿಲ್ಲದ ನಮ್ಮಜ್ಜಿ ಈಗ ಮೈಕ್ ಒತ್ತಿ "ಮಳೆ ಬಂತಾ, ಊಟ ಆಯ್ತಾ" ಅಂತ ವಾಟ್ಸಾಪಲ್ಲಿ ಕೇಳ್ತಾರಲ್ಲ, ಅದರ ಹಿಂದೆ ಇರೋದು ಇದು.

ಐಫೋನ್? ಭಾರತದಲ್ಲಿ ಮಾರಾಟ ಶುರುವಾಗಿದ್ದು 2008ರಲ್ಲಿ. ಆಪಲ್‌ನ ಸ್ವಂತ ಕನ್ನಡ ಕೀಬೋರ್ಡ್ ಬಂದಿದ್ದು ಐಒಎಸ್ 11ರಲ್ಲಿ, 2017ಕ್ಕೆ. ಅಷ್ಟರೊಳಗೆ ಹಿಂದಿ, ತಮಿಳು, ತೆಲುಗಿಗೆಲ್ಲ ಬಂದಾಗಿತ್ತು. ಫೋನನ್ನೇ ಕನ್ನಡದಲ್ಲಿ ಇಟ್ಕೊಳ್ಳೋ ಅವಕಾಶ ಬಂದಿದ್ದು ಐಒಎಸ್ 18.4ರಲ್ಲಿ, 2025ರ ಮಾರ್ಚ್ ಕೊನೆಗೆ. ಲಾಲಿಪಾಪ್ ಬಂದು ಹತ್ತು ವರ್ಷ ದಾಟಿತ್ತು. ಅಕ್ಷರ ಕಷ್ಟ ಅನ್ನೋ ನೆಪ ನಡೆಯಲ್ಲ. ಯೂನಿಕೋಡಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ.

ತಡ ಯಾಕಾಯ್ತು? ನನ್ನ ಊಹೆ ಸಿಂಪಲ್. ಇಲ್ಲಿ ಐಫೋನ್ ತಗೊಂಡವರು ಕನ್ನಡ ಕೇಳಲಿಲ್ಲ. ಹತ್ತು ಸಾವಿರದ ಫೋನ್ ತಗೊಂಡ ಅಡಿಕೆ ತೋಟದವರು, ಆಟೋ ಓಡಿಸೋರು, ಅಂಗನವಾಡಿ ಟೀಚರುಗಳು ಕೇಳಿದ್ರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಾವು "ಲೋಕಲ್ ಫೋನ್" ಅಂತ ಮೂಗು ಮುರಿಯೋ ಫೋನ್‌ಗಳ ಗಿರಾಕಿಗಳೇ ಮೊಬೈಲಿಗೆ ಕನ್ನಡ ತಂದಿದ್ದು. ಕಂಪ್ಯೂಟರಲ್ಲೂ ಇದೇ ಕಥೆ. ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಕೊಟ್ರು. ನಮ್ಮದೇ ಜಿಲ್ಲೆಯ ತೇಜಸ್ವಿ ಕೊನೆಗಾಲದಲ್ಲಿ ಕಾದಂಬರಿ ಬಿಟ್ಟು ಕನ್ನಡ ತಂತ್ರಾಂಶದ ಹಿಂದೆ ಓಡಾಡಿದ್ರು. ಯಾವ ಕಂಪನಿನೂ ತಾನಾಗೇ ಬಂದು ಕೊಡಲಿಲ್ಲ.

"ಈಗ ಬಂದಿದೆಯಲ್ಲ?" ಬಂದಿದೆ, ಹೊಸ ಮಾಡೆಲ್‌ಗಳಿಗೆ. ಸೆಕೆಂಡ್ ಹ್ಯಾಂಡಲ್ಲಿ ನಿಮ್ಮ ಬಜೆಟಿಗೆ ಸಿಗೋ ಐಫೋನ್ ಎಕ್ಸ್ ಐಒಎಸ್ 16ಕ್ಕೇ ನಿಂತಿದೆ, ಅದರ ಮೆನು ಯಾವತ್ತೂ ಕನ್ನಡ ಆಗಲ್ಲ. ಲೋಗೋ ಬರುತ್ತೆ, ಭಾಷೆ ಬರಲ್ಲ. ಇನ್ನು ಹದಿನೈದು, ಹದಿನಾರು ಇಟ್ಕೊಂಡಿರೋ ಗೆಳೆಯರೇ, ನಿಮ್ಮಲ್ಲಿ ಎಷ್ಟು ಜನ ಭಾಷೆ ಬದಲಾಯಿಸಿದೀರಾ? ಸ್ಕ್ರೀನ್‌ಶಾಟ್ ಹಾಕಿ, ಶೇರ್ ಮಾಡ್ತೀನಿ.

5/6
ಫೋಟೋ: ಜೋಗ. ನನ್ನ ಹತ್ರ ಇರೋ ಒಂದೇ ಫೋಟೋ

ಒಂದೇ ಯಾಕೆ ಅಂದ್ರೆ ಉಳಿದ ಇನ್ನೂರು ಚಿಲ್ಲರೆ ಏರ್‌ಡ್ರಾಪಲ್ಲಿ ಆರು ಜನರ ಮಧ್ಯೆ ಓಡಾಡ್ತಿವೆ. ಬಸ್ಸಿನ ದುಡ್ಡು ಎಲ್ಲರೂ ಸಮ ಕೊಟ್ವಿ, ಮಳೇಲಿ ಎಲ್ಲರೂ ಸಮ ನೆಂದ್ವಿ, ಫೋಟೋ ಮಾತ್ರ ಆರು ಜನಕ್ಕೆ. "ನಿಮ್ದು ಆಂಡ್ರಾಯ್ಡ್ ಅಲ್ವಾ, ಕ್ವಾಲಿಟಿ ಹಾಳಾಗುತ್ತೆ" ಅಂತ ಉತ್ತರ.

ಆ ಗೋಡೆ ತಂತ್ರಜ್ಞಾನದ್ದಲ್ಲ, ಬೇಕು ಅಂತ ಕಟ್ಟಿದ್ದು. 2025ರ ನವೆಂಬರಲ್ಲಿ ಗೂಗಲ್ ತನ್ನ ಪಿಕ್ಸೆಲ್ 10 ಫೋನಿಂದ ಏರ್‌ಡ್ರಾಪಿಗೆ ನೇರ ಫೈಲ್ ಕಳಿಸೋ ಹಾಗೆ ಮಾಡಿ ತೋರಿಸ್ತು. ಅಂದ್ರೆ ಆಗುತ್ತೆ. ಇಷ್ಟು ವರ್ಷ ಆಗದಿದ್ದಿದ್ದು ಯಾಕೆ ಅಂದ್ರೆ, ಹೊರಗಡೆ ನಿಂತವನಿಗೆ ನೋವಾದ್ರೆ ತಾನೇ ಅವನು ಒಳಗೆ ಬರೋಕೆ ದುಡ್ಡು ಕೊಡೋದು? ಅಮೆರಿಕದ ಹುಡುಗರು ಮೆಸೇಜಿನ ನೀಲಿ-ಹಸಿರು ಬಣ್ಣಕ್ಕೆ ಜಗಳ ಆಡ್ತಾರಂತೆ. ನಮಗೆ ಆ ರೋಗ ಬರಲಿಲ್ಲ, ನಾವೆಲ್ಲ ವಾಟ್ಸಾಪಲ್ಲಿದೀವಿ. ಏರ್‌ಡ್ರಾಪ್ ಗುಂಪು ಮಾಡ್ಕೊಂಡು ಅದನ್ನ ನಾವೇ ಕೈಯಾರೆ ತಂದ್ಕೊಂಡ್ವಿ.

ಗೂಗಲ್ ಏನು ಸಾಚಾ ಅಲ್ಲ. ಆಂಡ್ರಾಯ್ಡ್ ಮೇಲಿನ ಹಿಡಿತ ದುರುಪಯೋಗ ಮಾಡ್ಕೊಂಡಿದೆ ಅಂತ 2022ರ ಅಕ್ಟೋಬರಲ್ಲಿ ನಮ್ಮ ಸ್ಪರ್ಧಾ ಆಯೋಗ ₹1,337.76 ಕೋಟಿ ದಂಡ ಹಾಕಿತ್ತು. ಯಾವ ಕಂಪನಿಗೂ ಅಭಿಮಾನಿ ಸಂಘ ಕಟ್ಟೋ ಅಗತ್ಯ ಇಲ್ಲ.

"ಫಾರಿನ್ ಕ್ಲಾಸ್" ಅಂತ ಮೆರೆಯೋರಿಗೆ ಇನ್ನೊಂದು ಮಾತು. ಐಫೋನ್ ಭಾರತದಲ್ಲಿ ಜೋಡಿಸೋಕೆ ಶುರು ಮಾಡಿದ್ದೇ ಬೆಂಗಳೂರಲ್ಲಿ, 2017ಕ್ಕೆ. ಆಮೇಲೆ ಕೋಲಾರದ ನರಸಾಪುರದಲ್ಲಿ ವಿಸ್ಟ್ರಾನ್ ಕಾರ್ಖಾನೆ ಬಂತು. 2020ರ ಡಿಸೆಂಬರ್ 12ರಂದು ಅಲ್ಲಿ ಸಂಬಳ ಸರಿಯಾಗಿ ಬರ್ತಿಲ್ಲ ಅಂತ ಕಾರ್ಮಿಕರು ಸಿಡಿದೆದ್ದು ಗಾಜು ಪುಡಿ ಮಾಡಿದ್ರು. ಸಂಬಳದಲ್ಲಿ ತಪ್ಪಾಗಿದ್ದು ನಿಜ ಅಂತ ಕಂಪನಿನೂ ಒಪ್ಕೊಳ್ತು, ಸರಿ ಮಾಡೋವರೆಗೂ ಹೊಸ ಆರ್ಡರ್ ಇಲ್ಲ ಅಂತ ಆಪಲ್ ಹೇಳ್ತು. ಈಗ ಆ ಕಾರ್ಖಾನೆ ಟಾಟಾದ್ದು. ಜೋಡಿಸಿದ್ದು ನಮ್ಮಂಥದೇ ಮನೆಯ, ನಮ್ಮಷ್ಟೇ ವಯಸ್ಸಿನ ಹುಡುಗ ಹುಡುಗೀರು. ಅದು ಕೈಲಿದೆ ಅಂತ ನಮ್ಮನ್ನ ಯಾಕೆ ಮೇಲಿಂದ ನೋಡ್ತೀರಾ?

6/6
ಫೋಟೋ: ಕಾಮೆಂಟಿನ ಸ್ಕ್ರೀನ್‌ಶಾಟ್, ಹೆಸರು ಮುಚ್ಚಿದೀನಿ

"ನಿಂಗೆ ತಗೊಳ್ಳೋಕಾಗಲ್ಲ, ಅದಕ್ಕೆ ಹೊಟ್ಟೆಕಿಚ್ಚು."

ಹೌದು, ತಗೊಳ್ಳೋಕಾಗಲ್ಲ. ಕ್ಲಾಸಲ್ಲಿ ಮುಕ್ಕಾಲು ಜನಕ್ಕೆ ಆಗಲ್ಲ. ಆಗದವರು ಬಾಯಿ ಬಿಟ್ಟು ಹೇಳದೇ ಮನೇಲಿ ಜಗಳ ಮಾಡಿ ಕಂತು ಹಾಕಿಸ್ಕೊಳ್ತಿದಾರೆ ಅನ್ನೋದಕ್ಕೇ ಈ ಸರಣಿ.

ಹಾಗಾದ್ರೆ ಯಾರು ಹೋಗಬಹುದು? ಸ್ವಂತ ದುಡಿದು ಪೂರ್ತಿ ದುಡ್ಡು ಕೊಟ್ಟು ತಗೊಳ್ಳೋರು, ಧಾರಾಳವಾಗಿ. ಮದುವೆ ರೀಲ್ಸ್ ಮಾಡಿ ಸಂಪಾದಿಸೋ ನಮ್ಮ ಸೀನಿಯರ್ ಒಬ್ರಿದಾರೆ, ಅವರಿಗೆ ಐಫೋನ್ ಅಂದ್ರೆ ಗಾರೆಯವರಿಗೆ ಕರಣೆ ಇದ್ದಂಗೆ, ಕೆಲಸದ ಸಾಮಾನು. ಅವರಿಗೆ ನನ್ನದೇನೂ ತಕರಾರಿಲ್ಲ. ಹೋಗೋ ಮುಂಚೆ ಮೂರು ವಿಷಯ ತಿಳ್ಕೊಳ್ಳಿ. ವಾಟ್ಸಾಪ್‌ನ ಗೂಗಲ್ ಡ್ರೈವ್ ಬ್ಯಾಕಪ್ ಐಫೋನಲ್ಲಿ ತೆರೆಯಲ್ಲ. "ಮೂವ್ ಟು ಐಒಎಸ್" ಆಪ್ ಇಂದ, ಹೊಸ ಫೋನ್ ಮೊದಲ ಸಲ ಸೆಟಪ್ ಮಾಡುವಾಗಲೇ ಚಾಟ್ ದಾಟಿಸಬೇಕು. ಗೂಗಲ್ 15 ಜಿಬಿ ಫ್ರೀ ಕೊಡುತ್ತೆ, ಐಕ್ಲೌಡ್ 5 ಜಿಬಿ. ಪ್ಲೇ ಸ್ಟೋರಲ್ಲಿ ದುಡ್ಡು ಕೊಟ್ಟ ಆಪ್‌ಗಳು ಜೊತೆಗೆ ಬರಲ್ಲ.

ಉಳಿದವರು ಈಗಿರೋ ಫೋನಲ್ಲಿ ಬೇಡದ ಆಪ್ ತೆಗೀರಿ, ತೆಗೆಯೋಕಾಗದ್ದನ್ನ ಡಿಸೇಬಲ್ ಮಾಡಿ. ಬ್ಯಾಟರಿ ಸೋತಿದ್ರೆ ಬ್ಯಾಟರಿ ಮಾತ್ರ ಬದಲಾಯಿಸಿ, ಫೋನ್ ಅಲ್ಲ. ದುರ್ಗಿಗುಡೀಲಿ ಆ ಕೆಲಸಕ್ಕೆ ಒಂದು ಕಂತಿನ ದುಡ್ಡೂ ಬೇಕಾಗಲ್ಲ.

ಆ ಆರು ಜನಕ್ಕೆ: ಜೋಗದ ಫೋಟೋ ಎಲ್ಲ ಒಂದು ಡ್ರೈವ್ ಫೋಲ್ಡರಿಗೆ ಹಾಕಿ ಕ್ಲಾಸ್ ಗ್ರೂಪಲ್ಲಿ ಲಿಂಕ್ ಕಳಿಸಿ. ಕ್ವಾಲಿಟಿ ಒಂಚೂರೂ ಹಾಳಾಗಲ್ಲ. ಐಫೋನಲ್ಲೂ ಡ್ರೈವ್ ಆಪ್ ಇದೆ, ಫ್ರೀ. ಶುಕ್ರವಾರದೊಳಗೆ ಹಾಕಿ, ಮೂವತ್ತೊಂದು ಜನ ಕಾಯ್ತಿದೀವಿ.

#ದುರ್ಗಿಗುಡಿ #ಶಿವಮೊಗ್ಗ #ಭದ್ರಾವತಿ #ಕಂತುಬೇಡ #ಫೋನಲ್ಲಿಕನ್ನಡ